ಗೋಪೀಚಂದನದ ಕೆಳಗೆ

ರೈಲುಗಾಡಿ ಭದ್ರಾವತಿ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ತ್ರಿವಿಕ್ರಮನ ಎಡಭುಜದ ಮೇಲಿನ ಗುಳ್ಳೆ ಒಡೆಯಿತು. ಗುಳ್ಳೆ ಒಡೆದರೆ ಸದ್ದಾಗುವುದಿಲ್ಲ. ಆದರೂ ಅವನು ಥಟ್ಟನೆ ಎದುರಿಗೆ ಕೂತವನ ಮುಖ ನೋಡಿದ. ಮೊದಲು ಒಂದು ಚಳುಕು, ಆಮೇಲೆ ಬಿಸಿ, ಆಮೇಲೆ ಅಂಗಿ ಮೈಗೆ ಅಂಟುವ ತೇವ. ಏಳು ವರ್ಷದಿಂದ ಈ ಮೂರೂ ಅವನಿಗೆ ಬಾಯಿಪಾಠ. ಇನ್ನರ್ಧ ಗಂಟೆಗೆ ಅದು ಒಣಗಿ ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆ, ಶಿವಮೊಗ್ಗದಲ್ಲಿ ಅಕ್ಕನ ಮನೆಯ ಬಚ್ಚಲಲ್ಲಿ ಅಂಗಿ ಬಿಚ್ಚುವಾಗ ಹೆಪ್ಪು ಕಿತ್ತು ಬರುತ್ತದೆ, ರಕ್ತ ಬರುತ್ತದೆ, ರಕ್ತ ನಿಲ್ಲುವವರೆಗೆ ಬಾಗಿಲು ಹಾಕಿಕೊಂಡು ನಿಂತಿರಬೇಕು, ಹೊರಗಿನಿಂದ ಅಕ್ಕ 'ಎಷ್ಟು ಹೊತ್ತೋ' ಎಂದು ಕೂಗುತ್ತಾಳೆ. ಇವತ್ತು ಆಷಾಢದ ಏಕಾದಶಿ. ಹೊಟ್ಟೆಯಲ್ಲಿ ನೀರೂ ಇಲ್ಲ. ಮೋಡ ಕವಿದು ಗಾಳಿ ಅಲ್ಲಾಡದ ಆ ಡಬ್ಬಿಯಲ್ಲಿ ಅಂಗಿಯ ಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ಕೋಟು ತೊಟ್ಟು, ಬೆನ್ನು ಹಲಗೆಗೆ ತಾಗದಂತೆ ಮುಂದಕ್ಕೆ ಬಾಗಿ ಕೂತಿದ್ದ. "ಒರಗ್ಕೊಳ್ರಿ ಸ್ವಾಮಿ, ಹಲಗೆ ಏನ್ ಕಚ್ಚಲ್ಲ" ಎಂದ ಎದುರಿನವನು, ಕುಂಸಿ ಕಡೆಯ ರೈತ, ಮೊಣಕಾಲ ಸಂದಿಯಲ್ಲಿ ಹೊಸ ಗುದ್ದಲಿ ನಿಲ್ಲಿಸಿಕೊಂಡಿದ್ದವನು. ತ್ರಿವಿಕ್ರಮ ನಕ್ಕ. ಒರಗಲಿಲ್ಲ. "ಉಪವಾಸ" ಎಂದ, ಉಪವಾಸಕ್ಕೂ ಒರಗದಿರುವುದಕ್ಕೂ ಏನೋ ಸಂಬಂಧವಿರುವ ಹಾಗೆ. ರೈತ ಕೂಡಲೇ ಕೈ ಮುಗಿದ. ಹೀಗೇ ಆಗುತ್ತಿತ್ತು. ಅವನು ಮುಚ್ಚಿಕೊಂಡದ್ದೆಲ್ಲ ಜನಕ್ಕೆ ಭಕ್ತಿಯಾಗಿ ಕಾಣುತ್ತಿತ್ತು.

ಮುಖದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ ಅನ್ನುವುದೇ ಇದರಲ್ಲಿನ ಮೋಸ. ಹೈಸ್ಕೂಲಿನಲ್ಲಿ ಜೊತೆಯವರೆಲ್ಲ ಕೆನ್ನೆಯ ಮೊಡವೆಗೆ ಗಂಧ ತೇಯ್ದು ಹಚ್ಚಿಕೊಂಡು ಒಬ್ಬರನ್ನೊಬ್ಬರು ರೇಗಿಸುತ್ತಿದ್ದಾಗ ಇವನ ಕೆನ್ನೆ ನುಣ್ಣಗಿತ್ತು; 'ಹೆಣ್ಣಿನ ಮುಖ ಕಣೋ ನಿಂದು' ಎನ್ನುತ್ತಿದ್ದರು. ಮೊಡವೆ ಮುಖದಲ್ಲಿ ಬಂದಿದ್ದರೆ ವಯಸ್ಸು ಅನ್ನುತ್ತಿದ್ದರು, ನಗುತ್ತಿದ್ದರು, ಅಷ್ಟಕ್ಕೆ ಮುಗಿಯುತ್ತಿತ್ತು. ಇವನಿಗೆ ಹದಿನೇಳಕ್ಕೆ ಬಂದದ್ದು ಭುಜದಲ್ಲಿ, ಎರಡೂ ಭುಜದಲ್ಲಿ, ಅಲ್ಲಿಂದ ಬೆನ್ನಿನ ಮೇಲುಭಾಗಕ್ಕೆ: ಕೆಂಪು ಗುಳ್ಳೆ, ಅದಕ್ಕೊಂದು ಕೀವಿನ ತಲೆ, ಒಡೆದ ಮೇಲೆ ಕಪ್ಪು ಕಲೆ, ಕಲೆಯ ಪಕ್ಕ ಮತ್ತೊಂದು ಗುಳ್ಳೆ. ಮೈಮೇಲೆ ಬಂದದ್ದನ್ನು ವಯಸ್ಸು ಅನ್ನುವವರಿಲ್ಲ. ರೋಗ ಅನ್ನುತ್ತಾರೆ, ನಾಗದೋಷ ಅನ್ನುತ್ತಾರೆ, ದನಿ ತಗ್ಗಿಸಿ ಇನ್ನೂ ದೊಡ್ಡ ಹೆಸರನ್ನೂ ಹೇಳುತ್ತಾರೆ. ಅಮ್ಮ ಹೋಗಿ ಆಗ ಒಂದು ವರ್ಷವಾಗಿತ್ತು. ಶನಿವಾರ ಅಕ್ಕ ಸುಭದ್ರ ಹರಳೆಣ್ಣೆಯ ಬಟ್ಟಲು ಹಿಡಿದು ಬಂದರೆ 'ನಾನೇನು ಮಗುವೇ' ಎಂದು ಬಟ್ಟಲು ಕಸಿದುಕೊಂಡು ಬಚ್ಚಲು ಸೇರುತ್ತಿದ್ದ. ಅಕ್ಕ ಮೊದಲ ಸಲ ಅತ್ತಳು, ಆಮೇಲೆ ಬಟ್ಟಲನ್ನು ಬಾಗಿಲ ಹೊರಗಿಟ್ಟು ಹೋಗುವುದನ್ನು ಕಲಿತಳು. ಅಂದಿನಿಂದ ಆ ಭುಜವನ್ನು ಇನ್ನೊಬ್ಬರ ಕೈ ಮುಟ್ಟಿರಲಿಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತಗಿರಿ ಸಿಕ್ಕಾಗ ಅವನಿಗೆ ಸಂತೋಷವಾದದ್ದು ಸಂಬಳಕ್ಕಲ್ಲ, ತೊಡಬೇಕಾದ ಕೋಟಿಗೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕತ್ತಿನ ಗುಂಡಿ ಹಾಕಿಕೊಂಡು ಕೂರುವುದೇ ಅಲ್ಲಿ ಮರ್ಯಾದೆ. ಆದರೆ ನ್ಯೂ ಟೌನಿನ ಊಟದ ಮನೆಯಲ್ಲಿ ಬ್ರಾಹ್ಮಣರ ಪಂಕ್ತಿ. ಅಂಗಿ ತೆಗೆಯದೆ ಎಲೆಯ ಮುಂದೆ ಕೂರುವಂತಿಲ್ಲ. ಮೊದಲ ತಿಂಗಳುಗಳಲ್ಲಿ ಶಲ್ಯ ಹೊದ್ದು ಕೂರುತ್ತಿದ್ದ. ಶಲ್ಯ ಜಾರುತ್ತಿತ್ತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದರಲ್ಲಿ ಉಣ್ಣುತ್ತಿದ್ದ. ಬಡಿಸುವ ಶೇಷಪ್ಪನ ಕುತ್ತಿಗೆಯಲ್ಲಿ ಕೆಂಪು ಗುಳ್ಳೆಗಳು ಎದ್ದದ್ದು ಆ ಬೇಸಿಗೆಯಲ್ಲೇ. ಯಾರೋ ಒಬ್ಬರು ಅದೇನದು ಎಂದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ, "ಇಂಥವರ ಕೈಲಿ ಬಡಿಸ್ಕೊಂಡು ಊಟ ಮಾಡೋದು ಹೇಗ್ರೀ" ಎಂದದ್ದು ತ್ರಿವಿಕ್ರಮ. "ಬೆವರುಸಾಲೆ ಸ್ವಾಮಿ. ಒಲೆ ಮುಂದೆ ನಿಂತ್ರೆ ಯಾರಿಗಾದ್ರೂ ಬರುತ್ತೆ" ಎಂದ ಶೇಷಪ್ಪ, ಬೇರೆ ಯಾರನ್ನೂ ನೋಡದೆ ಇವನನ್ನೇ ನೋಡಿ. ಮಾರನೆಯ ದಿನ ಶೇಷಪ್ಪ ಅಲ್ಲಿರಲಿಲ್ಲ. ಆ ಬೆಳಿಗ್ಗೆ ಸ್ನಾನ ಮಾಡಿ ತ್ರಿವಿಕ್ರಮ ಗೋಪೀಚಂದನ ತೇಯುತ್ತಿದ್ದ. ಮಾಧ್ವರೆಲ್ಲ ದಿನವೂ ಹಚ್ಚಿಕೊಳ್ಳುವ ದ್ವಾರಕೆಯ ಹಳದಿ ಮಣ್ಣು. ಹಣೆಗೊಂದು ನಾಮ, ತೋಳಿಗೆ ಭುಜಕ್ಕೆ ತೆಳ್ಳಗೆ ಒಂದೊಂದು ಗೀರು, ಅದರ ಮೇಲೆ ಹಿತ್ತಾಳೆಯ ಶಂಖಚಕ್ರದ ಅಚ್ಚು, ಅಷ್ಟೆ ಅದರ ಕೆಲಸ. ಅವನ ಕೈ ಅಂದು ನಿಲ್ಲಲಿಲ್ಲ. ತೇಯ್ದು ತೇಯ್ದು ಬಟ್ಟಲು ತುಂಬಿಸಿ, ಗೋಡೆಗೆ ಗಾರೆ ಮೆತ್ತುವ ಹಾಗೆ ಎರಡೂ ಭುಜಕ್ಕೆ ಮೆತ್ತಿ, ಮೇಲೆ ಸಾಲುಸಾಲಾಗಿ ಅಚ್ಚೊತ್ತಿ, ಶಲ್ಯವಿಲ್ಲದೆ ಊಟಕ್ಕೆ ಹೋಗಿ ಕೂತ. ಯಾರಿಗೂ ಏನೂ ಕಾಣಲಿಲ್ಲ. "ಏನ್ರೀ ಇದು, ಸ್ವಾಮಿಗಳಿಗಿಂತ ಒಂದು ಕೈ ಜಾಸ್ತಿ ಆಯ್ತಲ್ಲ ಮಾರಾಯ್ರೇ" ಎಂದು ರೇಗಿಸಿದರು. ಎರಡು ತಿಂಗಳಲ್ಲಿ ರೇಗಿಸುವುದು ನಿಂತು 'ಆಚಾರ್ರೇ' ಎಂದು ಕರೆಯತೊಡಗಿದರು. ಆಮೇಲೆ ಪಂಕ್ತಿಯಲ್ಲಿ ಮೊದಲನೆಯ ಎಲೆಯನ್ನು ಇವನಿಗೆ ಬಿಟ್ಟರು. ಬೆವರುಸಾಲೆಯವನನ್ನು ಓಡಿಸಿ, ಕೀವಿನ ಮೇಲೆ ಮಣ್ಣು ಮೆತ್ತಿಕೊಂಡವನು ಮೊದಲನೆಯ ಎಲೆಯಲ್ಲಿ ಕೂತು ಉಣ್ಣುತ್ತಿದ್ದೇನೆ ಎಂಬ ನಾಚಿಕೆ ಪ್ರತಿದಿನ ಮೊದಲ ತುತ್ತಿನ ಜೊತೆಗೆ ಗಂಟಲಿಗೆ ಬರುತ್ತಿತ್ತು. ನುಂಗುತ್ತಿದ್ದ.

ಭದ್ರಾವತಿಯ ಮಾತು ಶಿವಮೊಗ್ಗಕ್ಕೆ ಹೋಗಲು ಗಾಡಿಯೂ ಬೇಕಿಲ್ಲ. ಸಂಸ್ಕೃತ ಪಾಠಶಾಲೆಯ ಪಂಡಿತ ಲಕ್ಷ್ಮೀಕಾಂತಾಚಾರ್ಯರು ಕಾರ್ಖಾನೆಯಲ್ಲಿದ್ದೂ ಹೀಗಿರುವ ಹುಡುಗ ಯಾರು ಎಂದು ಹುಡುಕಿಕೊಂಡು ಬಂದರು. ತಮ್ಮ ಮಗಳು ಶಾಮಲಾಳನ್ನು ಕೊಡುವ ಮಾತಾಡಿದರು. ಹೆಣ್ಣು ನೋಡಿದ ದಿನ ಇವನು ಅವಳ ಮುಖಕ್ಕಿಂತ ತನ್ನ ಭುಜದ ಮೇಲೆಯೇ ಹೆಚ್ಚು ಗಮನವಿಟ್ಟು ಕೂತಿದ್ದ. ಅವಳು ಚೆಲುವೆ ಅನ್ನುವುದು ತಿರುಗಿ ಬರುವಾಗ ಗಾಡಿಯಲ್ಲಿ ನೆನಪಿಗೆ ಬಂತು. ಕಾರ್ತೀಕ ಕಳೆದ ಮೇಲೆ ಮದುವೆ ಎಂದಾಯಿತು. ಮದುವೆ ಅಂದರೆ ಒಂದು ಕೋಣೆ, ಅಂಗಿಯಿಲ್ಲದ ಮೈ, ಒಂದು ಹೆಣ್ಣಿನ ಕೈ. ಅಲ್ಲಿಯವರೆಗೆ ವಾಸಿ ಮಾಡಿಕೊಳ್ಳಬೇಕು, ಇಲ್ಲವೇ ಅವಳು ಮುಟ್ಟಿದೊಡನೆ ಕೈ ಎಳೆದುಕೊಳ್ಳುವುದನ್ನು ನೋಡಬೇಕು.

ಅದಕ್ಕೇ ಹೋದ ತಿಂಗಳು ಕಾಂಪೌಂಡರ್ ಸಿದ್ದಯ್ಯನ ಹತ್ತಿರ ಹೋದದ್ದು. ಸಿದ್ದಯ್ಯ ಮೇಜಿನ ಆಚೆಯಿಂದಲೇ ಕತ್ತು ಚಾಚಿ ನೋಡಿ, ಕಡ್ಡಿಗೆ ಹತ್ತಿ ಸುತ್ತಿ ಅದರ ತುದಿಯಿಂದ ಒತ್ತಿದ. "ಅಂಟೋದಲ್ಲ, ಕೊಳೆಯೋ ರೋಗಾನೂ ಅಲ್ಲ. ಮೊಡವೆ ಸ್ವಾಮಿ ಇದು. ಮುಖದಲ್ಲಿ ಬರೋದು ಭುಜದಲ್ಲಿ ಬಂದೈತೆ, ಅಷ್ಟೆ" ಎಂದ. ಅಷ್ಟೆ! ತ್ರಿವಿಕ್ರಮನಿಗೆ ಅಳು ಬಂತು. "ಬೆವತ ಅಂಗಿ ಮೈಮೇಲೆ ಇಟ್ಕೋಬೇಡಿ. ಭುಜಕ್ಕೆ ಎಣ್ಣೆ ಸೋಕಿಸ್ಬೇಡಿ. ಕೆಂಪು ಸೋಪ್ ಹಾಕಿ ಮೆಲ್ಲಗೆ ತೊಳೀರಿ, ಉಜ್ಜಬೇಡಿ, ಹಿಸುಕ್ಲೇಬೇಡಿ. ಮಲಗೋವಾಗ ಈ ಗಂಧಕದ ಮುಲಾಮು. ಆಮೇಲೆ ಸ್ವಾಮಿ, ಬೇಜಾರ್ ಮಾಡ್ಕೋಬೇಡಿ, ಆ ಮಣ್ಣು ಮೆತ್ತೋದು ಮೊದ್ಲು ಬಿಡಿ. ಗಾಳಿ ಆಡ್ದೆ ಒಳಗೇ ಕುದೀತಾ ಐತೆ." ಜ್ವರ ಎಂದು ಸುಳ್ಳು ಹೇಳಿ ಊಟದ ಮನೆ ಬಿಟ್ಟು ಕೋಣೆಯಲ್ಲಿ ಬಾಳೆಹಣ್ಣು ಅವಲಕ್ಕಿ ತಿಂದುಕೊಂಡು ಒಂಬತ್ತು ದಿನ ಕಳೆದ. ಸೋಪಿನಲ್ಲಿ ದನದ ಕೊಬ್ಬಿದೆ ಅನ್ನುತ್ತಾರೆ. ಮೂಗು ಮುಚ್ಚಿಕೊಂಡು ಹಚ್ಚಿಕೊಂಡ. ಆರನೆಯ ದಿನ ಕೆಂಪು ಇಳಿಯಿತು. ಒಂಬತ್ತನೆಯ ದಿನ ಅಂಗೈ ಬೆನ್ನಿಗೆ ಹಾಕಿ ಮುಟ್ಟಿಕೊಂಡರೆ ಅಲ್ಲಲ್ಲಿ ನುಣುಪು ಸಿಕ್ಕಿತು. ಬೇರೆ ಯಾರದೋ ಮೈ ಮುಟ್ಟಿದ ಹಾಗಾಗಿ ಕೋಣೆಯಲ್ಲಿ ಒಬ್ಬನೇ ನಕ್ಕ. ಹತ್ತನೆಯ ದಿನ ಲಕ್ಷ್ಮೀಕಾಂತಾಚಾರ್ಯರು ಜ್ವರದ ಸುದ್ದಿ ಕೇಳಿ ಮಂತ್ರಾಕ್ಷತೆ ಹಿಡಿದುಕೊಂಡು ಬಂದೇಬಿಟ್ಟರು. ಬಾಗಿಲು ತಟ್ಟುವ ಸದ್ದಿಗೆ ಇವನು ಓಡಿಹೋಗಿ ಗೋಪೀಚಂದನ ತೇಯಲು ಬಟ್ಟಲಿಗೆ ನೀರು ಹಾಕಿದ. ಬಂದವರು ಎರಡು ದಿನ ಉಳಿದರು. ಹೋಗುವಾಗ ಒಂದು ಮಾತು ಹೇಳಿದರು: "ಈ ಸಲ ಶ್ರೀಗಳ ಚಾತುರ್ಮಾಸ್ಯ ನಮ್ಮೂರಲ್ಲೇ. ಮಠ ನೋಡ್ಕೊಳ್ಳೋಕೆ ಒಬ್ಬ ಆಚಾರವಂತ ಹುಡುಗ ಬೇಕು ಅಂತಿದ್ರು. ನಿಮ್ಮ ಹೆಸರು ಕಿವಿಗೆ ಹಾಕಿದೀನಿ. ಏಕಾದಶಿ ದಿನ ಮುದ್ರೆಗೆ ಬನ್ನಿ." ಮಠದಲ್ಲಿ ಬೆಳಿಗ್ಗೆ ನಾಲ್ಕರಿಂದ ರಾತ್ರಿಯವರೆಗೆ ಯಾರೂ ಅಂಗಿ ತೊಡುವುದಿಲ್ಲ. ಇವನು ಬೇಡ ಅನ್ನಲು ಬಾಯಿ ತೆರೆದ. ಯಾಕೆ ಎಂದು ಕೇಳಿದರೆ ಹೇಳುವುದಕ್ಕೆ ಒಂದೇ ಕಾರಣವಿತ್ತು. ಬರುತ್ತೇನೆ ಎಂದ, ಮಾರನೆಯ ದಿನದಿಂದ ಮತ್ತೆ ಮಣ್ಣು ಮೆತ್ತಿಕೊಂಡು ಪಂಕ್ತಿಗೆ ಹೋದ.

ಶಿವಮೊಗ್ಗದ ಕೋಟೆಯ ಬೀದಿಯಲ್ಲಿ ಸುಭದ್ರಕ್ಕ ಬಾಗಿಲಲ್ಲೇ ಕಾದಿದ್ದಳು. "ಯಾಕೋ ಪುಟ್ಟಾ ಮುಖ ಹೀಗೆ ಬಾಡಿದೆ? ನೀರು ಕಾದಿದೆ, ಬೇಗ ಮುಗಿಸು. ಲಕ್ಷ್ಮೀಕಾಂತಾಚಾರ್ರು ಆಗಲೇ ಎರಡು ಸಲ ಹೇಳಿ ಕಳ್ಸಿದ್ರು." ಬಚ್ಚಲಲ್ಲಿ ಎಲ್ಲ ಅವನು ಎಣಿಸಿದಂತೆಯೇ ಆಯಿತು. ಹೆಪ್ಪು ಕಿತ್ತಿತು, ರಕ್ತ ಬಂತು. ಅಂಗಿಯ ಭುಜವನ್ನು ಹಂಡೆಯ ನೀರಲ್ಲಿ ಅದ್ದಿ ಹಿಂಡಿದ, ಕಲೆ ಹೋಗಲಿಲ್ಲ, ಒಳಮಗ್ಗಲು ಮಾಡಿ ಮಡಿಸಿ ಚೀಲಕ್ಕೆ ತುರುಕಿದ. ಒದ್ದೆ ಪಂಚೆ ಉಟ್ಟು ಗೋಪೀಚಂದನ ಮೆತ್ತುವಾಗ ಹಸಿ ಗಾಯ ಚುರುಗುಟ್ಟಿತು. ಹೊರಗಿನಿಂದ ಅಕ್ಕ ಯಾರ ಹತ್ತಿರವೋ ಹೇಳುತ್ತಿದ್ದಳು: "ಅವನ ಸ್ನಾನ ಜಪ ಅಂದ್ರೆ ಹಾಗೇನೇ, ಅರ್ಧ ಗಂಟೆ ಬಾಗಿಲು ತೆಗೆಯಲ್ಲ. ನಮ್ಮಮ್ಮ ಇರಬೇಕಾಗಿತ್ತು ನೋಡೋಕೆ." ಆ ದನಿಯಲ್ಲಿದ್ದ ಹೆಮ್ಮೆ ಕೇಳಿ ಅವನಿಗೆ ಬಾಗಿಲು ತೆಗೆಯುವ ಧೈರ್ಯವೇ ಹೋಯಿತು. ಆದರೂ ತೆಗೆದ.

ಮಠದ ಅಂಗಳದಲ್ಲಿ ಗಂಡಸರ ಸಾಲು ಒಂದು, ಹೆಂಗಸರದು ಒಂದು. ನಡುವೆ ಹೋಮಕುಂಡ, ಅದರ ಕೆಂಡದಲ್ಲಿ ಶಂಖ ಚಕ್ರದ ಲೋಹದ ಮುದ್ರೆಗಳನ್ನು ಕಾಯಿಸಿ ಸ್ವಾಮಿಗಳು ಒಬ್ಬೊಬ್ಬರ ತೋಳಿಗೂ ಒತ್ತುತ್ತಿದ್ದರು. ಚುರ್ ಎನ್ನುವುದು, ನಾರಾಯಣ ಎನ್ನುವುದು, ಮುಂದೆ ಹೋಗುವುದು. ವರ್ಷಕ್ಕೊಮ್ಮೆ ಬರುವ ಈ ಉರಿಗಾಗಿ ಎಲ್ಲ ಊರಿನಿಂದಲೂ ಜನ ಬಂದಿದ್ದರು. ತ್ರಿವಿಕ್ರಮನ ಮುಂದೆ ನಲವತ್ತು ಬೆನ್ನು, ನಲವತ್ತು ಜೊತೆ ಭುಜ. ಅವನು ಎಲ್ಲವನ್ನೂ ನೋಡಿದ. ಮುದುಕರ ಸುಕ್ಕು ಭುಜ, ಅಡಿಗೆಯವರ ದಪ್ಪ ಭುಜ, ಹುಡುಗರ ಹೊಳೆಯುವ ಭುಜ. ಒಂದರಲ್ಲೂ ಒಂದು ಗುಳ್ಳೆ ಇಲ್ಲ. ದೇವರ ಮೇಲೆ ಸಿಟ್ಟು ಬಂತು. ಅಷ್ಟರಲ್ಲಿ ಲಕ್ಷ್ಮೀಕಾಂತಾಚಾರ್ಯರು ಬಂದು "ಇದೇನು ಕೊನೇಲಿ ನಿಂತಿದೀರಿ, ಬನ್ನಿ ಮುಂದೆ" ಎಂದು ಕರೆದೊಯ್ದರು. ಸಾಲಿನವರು ಗೊಣಗುವ ಬದಲು ಇವನ ಭುಜ ನೋಡಿ ದಾರಿ ಬಿಟ್ಟರು. ಆಚೆ ಸಾಲಿನಲ್ಲಿ ಶಾಮಲಾ ತಾಯಿ ಸೀತಾಲಕ್ಷ್ಮಮ್ಮನ ಹಿಂದೆ ನಿಂತಿದ್ದಳು, ಇವನತ್ತ ಒಮ್ಮೆ ನೋಡಿ ಕಣ್ಣು ಇಳಿಸಿದಳು. ಏಳು ವರ್ಷದಿಂದ ನೆಪ ಹೇಳಿ ಮುದ್ರೆ ತಪ್ಪಿಸಿಕೊಂಡಿದ್ದವನಿಗೆ, ಅದನ್ನು ಒತ್ತುವುದು ಭುಜಕ್ಕಲ್ಲ, ಸ್ವಲ್ಪ ಕೆಳಗೆ ತೋಳಿಗೆ ಅನ್ನುವುದು ಹತ್ತಿರ ಹೋದ ಮೇಲೆ ನೆನಪಾಯಿತು. ಬದುಕಿದೆ ಎಂದುಕೊಂಡ. ಬಲತೋಳಿಗೆ ಚಕ್ರ ಬಿತ್ತು, ಎಡತೋಳಿಗೆ ಶಂಖ ಬಿತ್ತು. ನೋವಾಯಿತು, ಆದರೆ ಅದು ಎಲ್ಲರಿಗೂ ಆಗುವ ನೋವು. ಅದನ್ನು ಮುಖದ ಮೇಲೆ ತೋರಿಸಿದರೂ ನಡೆಯುತ್ತಿತ್ತು.

"ಇವನೇ ಏನಪ್ಪಾ ನಿಮ್ಮ ಹುಡುಗ?" ಎಂದರು ಸ್ವಾಮಿಗಳು. ವಯಸ್ಸಾದವರು, ದನಿ ಮೃದುವಾಗಿತ್ತು. ಲಕ್ಷ್ಮೀಕಾಂತಾಚಾರ್ಯರು ಹೌದು ಎಂದು ಬಾಗಿದರು. "ಕಾರ್ಖಾನೆ ಬಿಟ್ಟು ನಮ್ಮ ಹತ್ತಿರ ಬಂದುಬಿಡ್ತೀಯೇನು? ನಾಳೆ ದ್ವಾದಶಿ, ಪಾರಣೆ ಮುಗಿಸಿ ಇಲ್ಲೇ ಇದ್ದುಬಿಡು." ತ್ರಿವಿಕ್ರಮ ಮಾತಾಡುವ ಮೊದಲೇ ಲಕ್ಷ್ಮೀಕಾಂತಾಚಾರ್ಯರು "ಅವರಿಗೆ ಅದಕ್ಕಿಂತ ಭಾಗ್ಯ ಉಂಟೇ, ಒಪ್ಪಿದಾರೆ" ಎಂದರು. ಸುತ್ತಲಿನವರು ತಲೆಯಾಡಿಸಿದರು. ಅವನಿಗೆ ಮುಂದಿನ ನಾಲ್ಕು ತಿಂಗಳು, ಆಮೇಲೆ ನಲವತ್ತು ವರ್ಷ, ಒಂದೇ ಸಲ ಕಣ್ಣಿಗೆ ಬಿದ್ದವು: ನಾಲ್ಕು ಗಂಟೆಗೆ ಎಲ್ಲರ ಜೊತೆ ಬಾವಿಕಟ್ಟೆ, ಕತ್ತಲಲ್ಲೇ ಮಣ್ಣು ಮೆತ್ತುವ ಅವಸರ, ಕೋಟಿಲ್ಲ, ಸೋಪಿಲ್ಲ, ಗಂಧಕದ ವಾಸನೆಗೆ ಇದೇನು ಎಂದು ಕೇಳುವ ಹತ್ತು ಮೂಗು, ಮಣ್ಣಿನ ಕೆಳಗೆ ಕುದಿಯುತ್ತಲೇ ಇರುವ ಭುಜ. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಅವನ ಕೈ ಸೊಂಟದ ಒದ್ದೆ ಪಂಚೆಯ ಸೆರಗನ್ನು ಎಳೆದು ಎಡಭುಜವನ್ನು ಒರೆಸಿತು, ಆಮೇಲೆ ಬಲಭುಜವನ್ನು. ಹಳದಿಯ ಜೊತೆ ಕೆಂಪೂ ಬಂತು. "ಇದು ಭಕ್ತಿ ಅಲ್ಲ" ಎಂದ. ದನಿ ತನ್ನದಲ್ಲ ಅನ್ನಿಸುವಷ್ಟು ದೊಡ್ಡದಾಗಿತ್ತು. "ಇದನ್ನ ಮುಚ್ಚೋಕೆ ಹಚ್ತಿದ್ದೆ. ಎರಡು ವರ್ಷದಿಂದ. ಎಲ್ಲರಿಗೂ ಮೋಸ ಮಾಡ್ದೆ. ನಂಗೆ ಈ ಕೆಲಸ ಬೇಡ, ನನ್ನ ಬಿಟ್ಟುಬಿಡಿ."

ಸಾಲು ನಿಂತಿತು. ಯಾರೋ ಒಬ್ಬರು ಎರಡು ಹೆಜ್ಜೆ ಹಿಂದೆ ಸರಿದರು. ಎಲ್ಲ ಮುಗಿಯಿತು ಎಂದುಕೊಂಡ ತ್ರಿವಿಕ್ರಮ. ಮದುವೆ ಮುಗಿಯಿತು, ಅಕ್ಕನ ಹೆಮ್ಮೆ ಮುಗಿಯಿತು, ಮೊದಲನೆಯ ಎಲೆ ಮುಗಿಯಿತು. ಹಾಗಂದುಕೊಂಡದ್ದೇ ಮೈ ಹಗುರಾಯಿತು. ಬೆತ್ತಲೆ ಭುಜದ ಮೇಲೆ ಗಾಳಿ ಆಡುತ್ತಿತ್ತು, ಏಳು ವರ್ಷದಲ್ಲಿ ಮೊದಲ ಸಲ ಹಗಲಿನ ಗಾಳಿ. ಸಂಜೆಯ ಗಾಡಿಗೆ ಭದ್ರಾವತಿಗೆ ಹೋಗುತ್ತೇನೆ, ಸೋಪು ಹಾಕಿ ತೊಳೆಯುತ್ತೇನೆ, ಶೇಷಪ್ಪನನ್ನು ಹುಡುಕಿ ತಪ್ಪಾಯಿತು ಅನ್ನುತ್ತೇನೆ, ಒಬ್ಬನೇ ಬಾಳುತ್ತೇನೆ. ಇಷ್ಟು ಸುಲಭವಿತ್ತೇ ಎಂದು ಆಶ್ಚರ್ಯವಾಯಿತು. ಶಾಮಲಾ ಅವನ ಭುಜವನ್ನೇ ನೋಡುತ್ತಿದ್ದಳು. ನೋಡಲಿ ಎಂದು ನಿಂತ.

ಸ್ವಾಮಿಗಳು ಮುಂದಕ್ಕೆ ಬಾಗಿ ನೋಡಿದರು. ಆಮೇಲೆ ನಕ್ಕರು, ಕೊಂಕು ನಗೆಯಲ್ಲ, ಅಜ್ಜ ಮೊಮ್ಮಗನನ್ನು ನೋಡಿ ನಗುವ ನಗೆ. "ಇಷ್ಟಕ್ಕೇನೋ ಹುಡುಗಾ? ಉಷ್ಣ ಇದು. ಕಬ್ಬಿಣ ಕಾಯಿಸೋ ಊರಲ್ಲಿ ಕೂತ್ರೆ ಮೈಗೆ ಉಷ್ಣ ಏರದೆ ಇನ್ನೇನು? ಗೋಪೀಚಂದನ ಪರಮ ತಂಪು. ನೀನು ಹಚ್ಚಿದ್ದು ಸಾಲದು, ಇನ್ನೂ ದಪ್ಪ ಹಚ್ಚಬೇಕು. ನಲವತ್ತೆಂಟು ದಿನ ಇಲ್ಲಿದ್ದು ಎರಡು ಹೊತ್ತೂ ಹಚ್ಚು, ಹೋಗದಿದ್ರೆ ಕೇಳು." "ಅದರಿಂದಲೇ ಇದು" ಎಂದು ತ್ರಿವಿಕ್ರಮ ಶುರುಮಾಡಿದ, ಆಗಲೇ ಜನ ಮಾತಾಡತೊಡಗಿದ್ದರು, ಅವನ ದನಿ ಅದರಲ್ಲಿ ಮುಳುಗಿತು. "ಗುರುಗಳ ಎದುರಿಗೆ ಇಷ್ಟು ಜನರ ನಡುವೆ ನಿಂತು ತನ್ನ ತಪ್ಪು ಹೇಳಿಕೊಂಡ, ನೋಡ್ರಿ. ಈ ಕಾಲದಲ್ಲಿ ಯಾರು ಹೇಳ್ತಾರೆ" ಎಂದರು. ಹಿಂದೆ ಸರಿದಿದ್ದವರು ಮುಂದೆ ಬಂದರು, ಒಬ್ಬ ಮುದುಕ ಅವನಿಗೆ ಕೈ ಮುಗಿದ. ಲಕ್ಷ್ಮೀಕಾಂತಾಚಾರ್ಯರ ಕಣ್ಣಲ್ಲಿ ನೀರು ತುಂಬಿತ್ತು. "ನಮ್ಮ ಹತ್ರ ಹೇಳಬಾರದಾಗಿತ್ತೇ ಮಾರಾಯ್ರೇ? ನಾವೇನು ಪರರೇ? ಇಷ್ಟು ದಿನ ಒಬ್ಬರೇ ಅನುಭವಿಸಿದಿರಲ್ಲ" ಎನ್ನುತ್ತ ಅವನ ರಟ್ಟೆ ಹಿಡಿದು ಕರೆದೊಯ್ದು ಜಗಲಿಯ ಮೇಲೆ ಕೂರಿಸಿದರು. "ಶಾಮಲಾ, ಆ ಬಟ್ಟಲು ತಾಮ್ಮ."

ಅವರೇ ತೇಯ್ದರು. ಅವರೇ ಎರಡು ಬೆರಳಲ್ಲಿ ಎತ್ತಿ ಎಡಭುಜದ ಮೇಲಿಟ್ಟು ಅಂಗೈಯಿಂದ ಸವರಿದರು. ಹಸಿ ಗಾಯದ ಮೇಲೆ ಮಣ್ಣು ಬಿದ್ದು ಕಣ್ಣು ಕತ್ತಲೆ ಬರುವಷ್ಟು ಉರಿಯಿತು. ಕೈ ಕೊಡವಿ ಎದ್ದು ಓಡಬೇಕು ಎಂದು ತ್ರಿವಿಕ್ರಮ ಎರಡು ಕೈಯಲ್ಲೂ ಜಗಲಿಯ ಅಂಚನ್ನು ಹಿಡಿದ. ಆದರೆ ಆ ಅಂಗೈ ಬೆಚ್ಚಗಿತ್ತು. ಅದು ಕೀವಿಗೆ ಹೇಸಲಿಲ್ಲ, ಕಲೆಗೆ ಹೇಸಲಿಲ್ಲ, ಗುಳ್ಳೆ ಬಂದಲ್ಲಿ ಹಗುರಾಗಿ, ಇಲ್ಲದಲ್ಲಿ ಭಾರವಾಗಿ, ಮಗುವಿನ ಮೈ ಸವರುವ ಹಾಗೆ ಮೆಲ್ಲಗೆ ಓಡಾಡಿತು. ಅವನಿಗೆ ಅಳು ಬಂತು, ತಡೆಯಲಾಗಲಿಲ್ಲ. ಬಟ್ಟಲು ಹಿಡಿದು ನಿಂತಿದ್ದ ಶಾಮಲಾ ಅವನ ಕೈಗಳನ್ನೇ ನೋಡಿದಳು. "ಅಪ್ಪಾ, ಅವರಿಗೆ ಉರೀತಿದೆ ಅಂತ ಕಾಣುತ್ತೆ" ಎಂದಳು ಸಣ್ಣ ದನಿಯಲ್ಲಿ. "ಒಡೆದ ಗಾಯ ಅಲ್ವೇ. ತೊಳೆದು ಹಾಗೇ ಬಿಟ್ರೆ ವಾಸಿ."

ಕೈ ನಿಂತಿತು. ಲಕ್ಷ್ಮೀಕಾಂತಾಚಾರ್ಯರು ಬಾಗಿ ಅವನ ಮುಖ ನೋಡಿದರು. "ಉರೀತಿದೆಯೇ? ಹೇಳಿ, ಉರೀತಿದ್ರೆ ತೆಗೆದುಬಿಡ್ತೀನಿ." ಕೈ ಭುಜದಿಂದ ಅರ್ಧ ಅಂಗುಲ ಮೇಲೆದ್ದಿತ್ತು, ಎದ್ದಲ್ಲಿ ತಣ್ಣನೆಯ ಗಾಳಿ ನುಗ್ಗಿತು. ಶಾಮಲಾ ಹೌದು ಅನ್ನಿ ಎನ್ನುವ ಹಾಗೆ ಅವನನ್ನೇ ನೋಡುತ್ತಿದ್ದಳು.

"ಇಲ್ಲ" ಎಂದ ತ್ರಿವಿಕ್ರಮ. "ತಂಪಾಗಿದೆ."

ಕೈ ಮತ್ತೆ ಇಳಿಯಿತು. ಬೆನ್ನಿನವರೆಗೂ ತಲುಪಲಿ ಎಂದು ಅವನು ಕುತ್ತಿಗೆ ಬಗ್ಗಿಸಿಕೊಟ್ಟ.